ತಡೆಯದೆ ಕಾಯುವ ಗೋಪುರ

ಬಳ್ಳಾರಿ ರಸ್ತೆಯ ಮೇಖ್ರಿ ಸರ್ಕಲ್ ಬಳಿ, ರಮಣ ಮಹರ್ಷಿ ಉದ್ಯಾನದೊಳಗೆ, ಬಂಡೆಯ ಮೇಲೆ ಕೆಂಪೇಗೌಡ ಗೋಪುರ ನಿಂತಿದೆ. ವಿಮಾನ ನಿಲ್ದಾಣಕ್ಕೆ ಓಡುವ ಕಾರುಗಳು, ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಬಸ್ಸುಗಳು ಹಗಲಿರುಳೂ ಅದರ ಆಸುಪಾಸಿನಲ್ಲೇ ಹಾದುಹೋಗುತ್ತವೆ. ದೂರದಿಂದ ನೋಡಿದರೆ ಪುಟ್ಟ ಗುಡಿ ಎನ್ನಿಸುತ್ತದೆ. ಕಲ್ಲಿನ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ, ಅದರ ನೆತ್ತಿಯಲ್ಲಿ ಇಟ್ಟಿಗೆ ಗಾರೆಯಿಂದ ಎಬ್ಬಿಸಿದ ಗೋಪುರ. ಹತ್ತಿರ ಹೋದರೆ ಗುಡಿಗೆ ಬೇಕಾದ ಮುಖ್ಯ ಸಂಗತಿಯೇ ಇಲ್ಲ, ಗರ್ಭಗುಡಿ ಇಲ್ಲ. ಸಂಸಾರ ಹೂಡುವ ಮನೆ ಅಲ್ಲ, ದವಸ ತುಂಬುವ ಉಗ್ರಾಣವಲ್ಲ, ದಂಡು ಇಳಿಸುವ ಠಾಣ್ಯವೂ ಅಲ್ಲ. ಇದರ ಹೊರಗೂ ಬಯಲು, ಒಳಗೂ ಬಯಲು. ಏನನ್ನೂ ಒಳಗಿಟ್ಟುಕೊಳ್ಳದ ಇಂಥದೊಂದು ಕಟ್ಟಡ ಒಂದು ಊರಿಗೆ ಏಕೆ ಬೇಕಾಯಿತು ಎಂಬ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಹಿಡಿದುಕೊಂಡಿದೆ.

ಇಂಥವು ನಾಲ್ಕಿವೆ. ಉತ್ತರಕ್ಕೆ ಇದು. ದಕ್ಷಿಣಕ್ಕೆ ಲಾಲ್‌ಬಾಗಿನ ಬಂಡೆಯ ಮೇಲೊಂದು, ಪೂರ್ವಕ್ಕೆ ಹಲಸೂರು ಕೆರೆಯ ಬಳಿ ಒಂದು, ನೈಋತ್ಯಕ್ಕೆ ಗವಿಪುರದ ಹತ್ತಿರ ಕೆಂಪಾಂಬುಧಿ ಕೆರೆಯ ಮಗ್ಗುಲಲ್ಲಿ ಇನ್ನೊಂದು. 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿಸಿದ ಕೆಂಪೇಗೌಡರ ಹೆಸರಿನಲ್ಲೇ ಜನ ನಾಲ್ಕನ್ನೂ ಕರೆಯುತ್ತಾರೆ. ಚರಿತ್ರೆ ಬರೆದವರಲ್ಲಿ ಹಲವರು ಇವು ಅವರ ಮಗ ಇಮ್ಮಡಿ ಕೆಂಪೇಗೌಡರ ಕೆಲಸ ಎನ್ನುತ್ತಾರೆ. ಊರು ಇಲ್ಲಿಯವರೆಗೆ ಬೆಳೆಯುತ್ತದೆ ಎಂದು ಅಂದೇ ಗುರುತು ಹಾಕಿಟ್ಟರು, ಊರೋ ಆ ಗುರುತನ್ನು ದಾಟಿ ಎಷ್ಟೋ ದೂರ ಹೋಯಿತು ಎಂಬುದು ಬೆಂಗಳೂರಿನ ಪ್ರತಿ ಶಾಲೆಯ ಮಗುವಿಗೂ ಗೊತ್ತಿರುವ ಮಾತು. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ಗೋಪುರವನ್ನು ಸೋತ ಅಂದಾಜಿನಂತೆ, ತಪ್ಪಿಹೋದ ಭವಿಷ್ಯವಾಣಿಯಂತೆ ಕಾಣಿಸುತ್ತದೆ. ಕೆರೆ ಕಟ್ಟೆಗಳ ಲೆಕ್ಕ ಬಲ್ಲ ಜನ ಕಲ್ಲು ಹೊತ್ತು ಬಂಡೆಯೇರಿಸಿದ್ದು ಅಷ್ಟಕ್ಕೇ ಎಂದು ನಂಬಲು ನನಗೆ ಮನಸ್ಸು ಬರುವುದಿಲ್ಲ.

ಮೊದಲು ನಿಂತ ಜಾಗವನ್ನೇ ನೋಡೋಣ. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕದಲ್ಲಿ ನಾಲ್ಕು ಜೋಡಿ ಎತ್ತು ಹೂಡಿ, ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿ, ಆ ಸಾಲುಗಳನ್ನೇ ಪೇಟೆಯ ಬೀದಿ ಮಾಡಿದರೆಂಬ ಐತಿಹ್ಯವಿದೆ. ಆ ಚೌಕದಿಂದ ನೆಟ್ಟಗೆ ಗೆರೆ ಎಳೆದರೆ ಲಾಲ್‌ಬಾಗಿನ ಗೋಪುರ ಸುಮಾರು ಎರಡೂವರೆ ಕಿಲೋಮೀಟರು. ಕೆಂಪಾಂಬುಧಿಯದು ಹೆಚ್ಚೂಕಡಿಮೆ ಮೂರು. ಹಲಸೂರಿನದು, ನಮ್ಮ ಮೇಖ್ರಿ ಸರ್ಕಲಿನದು ಹತ್ತಿರಹತ್ತಿರ ಐದು. ಪೇಟೆಯನ್ನು ನಡುವಿಟ್ಟು ಅಳೆದು ಎಳೆದ ವೃತ್ತವಲ್ಲ ಇದು. ಬಂಡೆ ಎಲ್ಲಿ ತಲೆಯೆತ್ತಿತ್ತೋ, ನೀರು ಎಲ್ಲಿ ನಿಂತಿತ್ತೋ ಅಲ್ಲಿಗೆ ಗೋಪುರ ಹೋಗಿದೆ. ಲಾಲ್‌ಬಾಗಿನದು ನಿಂತಿರುವ ಶಿಲೆ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು. ಭೂವಿಜ್ಞಾನಿಗಳು ಅದಕ್ಕೆ ರಾಷ್ಟ್ರೀಯ ಸ್ಮಾರಕದ ಮಾನ ಕೊಟ್ಟಿದ್ದಾರೆ. ಹೈದರಾಲಿ 1760ರ ಸುಮಾರಿಗೆ ಅಲ್ಲಿ ತೋಟ ಹಾಕಿಸುವ ಹೊತ್ತಿಗೆ ಗೋಪುರ ಆಗಲೇ ಬಂಡೆಯ ಮೇಲಿತ್ತು. ನಾಲ್ಕರಲ್ಲಿ ಮೂರಕ್ಕೆ ಹತ್ತಿರದಲ್ಲೇ ಕೆರೆ ಇದೆ. ಉತ್ತರದ್ದು ಮಾತ್ರ ದಾರಿಯ ಗೋಪುರ.

ಯಾವ ದಾರಿ? ಯಲಹಂಕದ ದಾರಿ. ಕೆಂಪೇಗೌಡರು ಯಲಹಂಕ ನಾಡಪ್ರಭುಗಳು. ಪೇಟೆ ಕಟ್ಟಲು ಹೊರಟದ್ದು ಯಲಹಂಕದಿಂದ, ಒಡೆತನದ ಬೇರು ಇದ್ದದ್ದು ಅಲ್ಲಿ. ಹೊಸ ಊರಿನಿಂದ ಹಳೆಯ ಊರಿನ ಕಡೆಗೆ ಹೊರಟವನು ಈ ದಿಣ್ಣೆಯ ಬಳಿ ನಿಂತರೆ ಬೆನ್ನ ಹಿಂದೆ ಪೇಟೆ, ಎದುರಿಗೆ ಹೆಬ್ಬಾಳ, ಅದರಾಚೆ ಯಲಹಂಕ. ಇದು ದಾಖಲೆಯ ಮಾತಲ್ಲ, ಜಾಗ ನೋಡಿ ನನಗೆ ಹೊಳೆದದ್ದು: ಉಳಿದ ಮೂರು ಗೋಪುರಗಳು ನೀರನ್ನು ನೋಡುತ್ತವೆ, ಇದು ಬಂದ ದಾರಿಯನ್ನು ನೋಡುತ್ತದೆ.

ಕಟ್ಟಿದ ಬಗೆಯಲ್ಲೂ ಒಂದು ಅರ್ಥವಿದೆ. ಬಂಡೆಯನ್ನು ಮಟ್ಟ ಮಾಡಿ ತಳಪಾಯ ಅಗೆಯುವ ಗೋಜು ಇಲ್ಲ, ಬಂಡೆಯೇ ತಳಪಾಯ. ಈ ಸೀಮೆಯ ಕಲ್ಲು ಪದರಪದರವಾಗಿ ಏಳುವಂಥದು. ಬೆಂಕಿಯ ಕಾವು ಕೊಟ್ಟು, ಬೆಣೆ ಹೊಡೆದು ಎಬ್ಬಿಸಿದರೆ ಉದ್ದನೆಯ ಚಪ್ಪಡಿ, ಕಂಬ ದೊರೆಯುತ್ತವೆ. ಬೆಂಗಳೂರಿನ ಸುತ್ತ ಈಚಿನವರೆಗೂ ಒಡ್ಡರು ಕಲ್ಲೆಬ್ಬಿಸುತ್ತಿದ್ದದ್ದು ಹೀಗೆಯೇ. ಅದೇ ಚಪ್ಪಡಿ ಹೊಲದ ಬೇಲಿಗೂ ಆಯಿತು, ಬಾವಿಯ ಮೆಟ್ಟಿಲಿಗೂ ಆಯಿತು, ಗುಡಿಯ ಮಾಡಿಗೂ ಆಯಿತು. ಮೇಲಿನ ಗೋಪುರ ಇಟ್ಟಿಗೆಯದು, ಮೆತ್ತಿದ್ದು ಸುಣ್ಣದ ಗಾರೆ. ಸುಣ್ಣ, ಮರಳು ಹಾಕಿ ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸುವ ಗಾರೆ ಕೆಲಸ ನಮ್ಮ ನಾಡಿನ ಗುಡಿ ಗೋಪುರಗಳೆಲ್ಲದರ ಗುಟ್ಟು. ಅಂಥ ಗಾರೆ ಉಸಿರಾಡುತ್ತದೆ. ಮಳೆ ಹೀರಿ ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ನೀರು ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿಯಾಗುತ್ತದೆ. ಹಳೆಯ ಕಟ್ಟಡವನ್ನು ಗಟ್ಟಿ ಮಾಡುತ್ತೇವೆಂದು ಹೊರಟು ಅದನ್ನು ಕೊಂದ ಉದಾಹರಣೆಗಳು ನಾಡಿನ ತುಂಬ ಇವೆ. ಈ ಸಣ್ಣ ಗೋಪುರದ ಬಗ್ಗೆ ನನಗಿರುವ ದೊಡ್ಡ ಭಯವೂ ಅದೇ: ಯಾರೋ ಕೆಡವುವರೆಂದಲ್ಲ, ಪ್ರೀತಿಯಿಂದಲೇ ಯಾರೋ ಸಿಮೆಂಟು ಬಳಿದು ಮೇಲೊಂದು ಬಣ್ಣ ಹೊಡೆಯುವರೆಂದು.

ಈಗ ಇದೇ ಮನೆತನ ಕಟ್ಟಿಸಿದ ಇನ್ನೊಂದನ್ನು ಪಕ್ಕಕ್ಕಿಡೋಣ. ಅದು ಕೋಟೆ. ಪೇಟೆಯ ಸುತ್ತ ಮಣ್ಣಿನ ಗೋಡೆ, ಕಂದಕ, ದಿಕ್ಕುದಿಕ್ಕಿಗೆ ಬಾಗಿಲು. ತಡೆಯುವುದೇ ಅದರ ಕೆಲಸ. ಆ ಕೋಟೆಗೆ ಸೇರಿದ ಒಂದು ಕಥೆಯನ್ನು ಬೆಂಗಳೂರಿನ ಜನ ಇವತ್ತಿಗೂ ಹೇಳುತ್ತಾರೆ. ಹಗಲು ನಿಲ್ಲಿಸಿದ ಹೆಬ್ಬಾಗಿಲು ಇರುಳು ಬೀಳುತ್ತಿತ್ತಂತೆ. ತುಂಬು ಬಸುರಿಯ ಬಲಿ ಬೇಕೆಂದರಂತೆ. ಕೆಂಪೇಗೌಡರು ಒಪ್ಪಲಿಲ್ಲ. ಸೊಸೆ ಲಕ್ಷ್ಮೀದೇವಿ ಯಾರಿಗೂ ಹೇಳದೆ ನಡುರಾತ್ರಿ ಹೋಗಿ ತನ್ನನ್ನೇ ಕೊಟ್ಟುಕೊಂಡಳಂತೆ. ಕೋರಮಂಗಲದಲ್ಲಿ ಅವಳ ಸಮಾಧಿಯಿದೆ. ಕಥೆ ನಡೆದದ್ದೋ ಕಟ್ಟಿದ್ದೋ, ಅದನ್ನು ನೆನಪಿಟ್ಟುಕೊಂಡವರಿಗೆ ಒಂದು ಸತ್ಯ ತಿಳಿದಿತ್ತು. ಗೋಡೆ ಪುಕ್ಕಟೆಯಾಗಿ ನಿಲ್ಲುವುದಿಲ್ಲ. ಹೊರಗಿನವನನ್ನು ತಡೆಯಲು ಕಟ್ಟುವ ಗೋಡೆ ಮೊದಲ ಬೆಲೆಯನ್ನು ಒಳಗಿನವರಿಂದಲೇ, ಅದರಲ್ಲೂ ಮನೆಯ ಹೆಣ್ಣುಮಗಳಿಂದ, ವಸೂಲು ಮಾಡುತ್ತದೆ.

ಅಷ್ಟು ಬೆಲೆ ತೆತ್ತ ಕೋಟೆ ಏನಾಯಿತು? 1638ರಲ್ಲಿ ಬಿಜಾಪುರದ ರಣದುಲ್ಲಾಖಾನ ಬಂದ. ಊರು ಶಹಾಜಿಯ ಜಹಗೀರಾಯಿತು, ಗೌಡರ ಮನೆತನ ಮಾಗಡಿಗೆ ಸರಿಯಿತು. ಮುಂದೆ ಮೊಗಲರು, ಅವರಿಂದ ಹಣ ಕೊಟ್ಟು ಪಡೆದ ಮೈಸೂರಿನ ಚಿಕ್ಕದೇವರಾಜ ಒಡೆಯರು. ಹೈದರಾಲಿ ಪೇಟೆಯ ದಕ್ಷಿಣಕ್ಕಿದ್ದ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ. 1791ರ ಮಾರ್ಚಿನಲ್ಲಿ ಈಸ್ಟ್ ಇಂಡಿಯಾ ಕುಂಪಣಿಯ ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲು ಒಡೆದು ಪೇಟೆ ಹೊಕ್ಕಿತು. ಎರಡು ವಾರದಲ್ಲಿ ಕಲ್ಲಿನ ಕೋಟೆಯೂ ಬಿತ್ತು. ಆಮೇಲೆ ಶಾಂತಿಯ ಕಾಲ ಗೋಡೆಯ ಉಳಿಕೆಯನ್ನು ತಿಂದಿತು. ಕಂದಕ ಮುಚ್ಚಿದರು, ಗೋಡೆ ಕೆಡವಿ ರಸ್ತೆ ಮಾಡಿದರು. ಪೇಟೆಯ ಬಾಗಿಲುಗಳು ಹೆಸರಾಗಿ ಮಾತ್ರ ಉಳಿದವು. ಹಲಸೂರು ಗೇಟ್ ಎಂಬ ಪೊಲೀಸ್ ಠಾಣೆಯಿದೆ, ಗೇಟಿಲ್ಲ. ಅವೆನ್ಯೂ ರಸ್ತೆಯ ಉತ್ತರದ ತುದಿಯಲ್ಲಿ ಯಲಹಂಕ ಗೇಟ್ ಆಂಜನೇಯ ಇದ್ದಾನೆ. ಬಾಗಿಲು ಹೋಗಿ ತಲೆಮಾರುಗಳಾದರೂ ಬಾಗಿಲ ದೇವರು ಜಾಗ ಬಿಟ್ಟಿಲ್ಲ. ನಾಲ್ಕು ಗೋಪುರಗಳು ಮಾತ್ರ ಇದ್ದಲ್ಲೇ ಇವೆ. ಅವು ಯಾರನ್ನೂ ತಡೆಯಲಿಲ್ಲ, ಹಾಗಾಗಿ ಅವುಗಳನ್ನು ಒಡೆದು ಒಳಬರಬೇಕಾದ ಅಗತ್ಯ ಯಾರಿಗೂ ಬೀಳಲಿಲ್ಲ. ಬಿಜಾಪುರದ ಕುದುರೆಗಳೂ ಕುಂಪಣಿಯ ಫಿರಂಗಿಗಳೂ ಬಂದ ಊರಿನಲ್ಲಿ, ಬೀಗ ಚಿಲಕ ಯಾವುದೂ ಇಲ್ಲದ ಕಟ್ಟಡ ಉಳಿದುಕೊಂಡಿತು.

ತಡೆಯದಿದ್ದರೆ ಕಾಯುವುದು ಹೇಗೆ? ನಮ್ಮ ಹಳ್ಳಿಗಳ ಹಳೆಯ ವ್ಯವಸ್ಥೆಯಲ್ಲಿ ಇದಕ್ಕೆ ಉತ್ತರವಿದೆ. ಊರಿನ ಆಯಗಾರರಲ್ಲಿ ತಳವಾರ, ತೋಟಿ, ನೀರಗಂಟಿ ಎಂದು ಇರುತ್ತಿದ್ದರು. ತೋಟಿಗೆ ಎಲ್ಲೆಕಲ್ಲುಗಳೆಲ್ಲ ಬಾಯಿಪಾಠ. ನೀರಗಂಟಿ ಕೆರೆಯ ತೂಬು ನೋಡಿಕೊಂಡು ಯಾವ ಗದ್ದೆಗೆ ಎಷ್ಟು ನೀರು ಎಂದು ಹಂಚುವವನು. ತಳವಾರ ಕಾವಲಿನವನು. ಊರೊಳಗೆ ಕಳವಾದರೆ ಕಳ್ಳನ ಹೆಜ್ಜೆಯ ಜಾಡು ಹಿಡಿದು ಹೋಗುವುದು ಅವನ ಕೆಲಸ. ಜಾಡು ಊರ ಎಲ್ಲೆ ದಾಟಿ ಪಕ್ಕದ ಊರಿಗೆ ಹೊಕ್ಕಿದೆ ಎಂದು ತೋರಿಸಿಕೊಟ್ಟರೆ ಅಲ್ಲಿಂದಾಚೆ ಆ ಊರಿನ ತಳವಾರನ ಹೊಣೆ. ಜಾಡು ಎಲ್ಲೆಯೊಳಗೇ ಕಳೆದುಹೋದರೆ ಈ ಊರೇ ನಷ್ಟ ತುಂಬಿಕೊಡಬೇಕು. ದಕ್ಷಿಣ ದೇಶದ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದ ಕಟ್ಟಳೆ ಇದು. ಈ ಕಟ್ಟಳೆ ತಿಳಿದ ಮೇಲೆ ನನಗೆ ಗೋಪುರ ಬೇರೆಯಾಗಿಯೇ ಕಂಡಿತು. ಎಲ್ಲೆ ಎಂದರೆ ನನ್ನದು ಇಲ್ಲಿಯವರೆಗೆ ಎಂಬ ಒಡೆತನದ ಗೆರೆ ಎಂದುಕೊಂಡಿದ್ದೇವೆ. ಅದನ್ನು ಬಾಳಿದವರಿಗೆ ಅದು ಇಲ್ಲಿಯವರೆಗೆ ಆದದ್ದಕ್ಕೆಲ್ಲ ನಾನು ಜವಾಬು ಎಂಬ ಗೆರೆಯೂ ಆಗಿತ್ತು. ಜವಾಬು ಹೇಳಬೇಕಾದವನಿಗೆ ಗೋಡೆಗಿಂತ ಮೊದಲು ಬೇಕಾದದ್ದು ಎತ್ತರದ ಜಾಗ ಮತ್ತು ಕಣ್ಣು.

ಕನ್ನಡದ ದಾನಶಾಸನಗಳನ್ನು ಓದಿದವರಿಗೆ ಎಲ್ಲೆಯ ಬಗ್ಗೆ ನಮ್ಮ ಹಿರಿಯರಿಗಿದ್ದ ಶ್ರದ್ಧೆ ಗೊತ್ತು. ಭೂಮಿ ಕೊಟ್ಟದ್ದನ್ನು ಒಂದು ಮಾತಿನಲ್ಲಿ ಮುಗಿಸುವ ಶಾಸನ, ಅದರ ಸೀಮೆಯನ್ನು ಹೇಳುವಾಗ ಸಾವಧಾನವಾಗಿ ನಡೆದು ನಡೆದು ಹೇಳುತ್ತದೆ. ಮೂಡಲಿಗೆ ಇಂಥ ಹುಣಸೆ, ಅಲ್ಲಿಂದ ತೆಂಕಲಿಗೆ ಹಳ್ಳ, ಹುತ್ತ, ನೆಟ್ಟ ಕಲ್ಲು, ಕೆರೆಯ ಕೋಡಿ, ಪಡುವಲಿಗೆ ಜೋಡಿ ಗುಂಡು. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ಅಗ್ರಹಾರದ ಭೂಮಿಗೆ ವಾಮನಮುದ್ರೆಯ ಕಲ್ಲು. ಕೊನೆಗೆ, ಇದನ್ನು ಅಳಿದವನಿಗೆ ಗಂಗೆಯ ದಡದಲ್ಲಿ ಕವಿಲೆ ಕೊಂದ ಪಾಪ. ಈ ಗೋಪುರದಿಂದ ಸ್ವಲ್ಪ ದೂರದ ಹೆಬ್ಬಾಳದಲ್ಲೇ ಎಲ್ಲೆ ಕಾದವನ ಕಲ್ಲೊಂದು ದೊರೆತಿದೆ. ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಪೆರ್ಬೊಳಲ್ ನಾಡಿನ ಮೇಲೆ ರಟ್ಟರು ಏರಿ ಬಂದಾಗ ಕಾದಿ ಸತ್ತ ಕಿತ್ತಯ್ಯ ಎಂಬವನ ವೀರಗಲ್ಲು. ಕೆಂಪೇಗೌಡರಿಗಿಂತ ಸುಮಾರು ಎಂಟು ಶತಮಾನ ಮೊದಲೇ ಈ ಉತ್ತರದ ಸೀಮೆಯಲ್ಲಿ ಜನ ಕನ್ನಡ ಕೆತ್ತುತ್ತಿದ್ದರು, ನಾಡು ಎಂಬುದಕ್ಕೆ ಗಡಿಯಿತ್ತು, ಗಡಿಗೆ ಪ್ರಾಣ ಕೊಡುವವರಿದ್ದರು. ಬೆಂಗಳೂರಿನ ಉತ್ತರ ಭಾಗವನ್ನು ವಿಮಾನ ನಿಲ್ದಾಣ ಬಂದ ಮೇಲೆ ಹುಟ್ಟಿದ ಊರೆಂದು ಭಾವಿಸುವವರು ಒಮ್ಮೆ ಆ ಕಲ್ಲಿನ ಮುಂದೆ ನಿಲ್ಲಬೇಕು.

ಎಲ್ಲೆಗೆ ಇನ್ನೊಂದು ಮುಖವೂ ಇತ್ತು, ಅದನ್ನು ಮುಚ್ಚಿಡಬಾರದು. ಊರಿಗೆ ಸಿಡುಬು, ವಾಂತಿಭೇದಿ ಬಡಿದಾಗ ಮಾರಿಯನ್ನು ಪೂಜಿಸಿ, ಬಂಡಿಯಲ್ಲಿ ಕೂರಿಸಿ, ತಮಟೆ ಬಡಿದು ಗಡಿ ದಾಟಿಸಿ ಬಿಟ್ಟುಬರುತ್ತಿದ್ದರು. ಆಚೆಯ ಊರಿನವರು ಅದನ್ನು ತಮ್ಮ ಗಡಿಯಿಂದ ಇನ್ನೊಂದು ಊರಿಗೆ ದಾಟಿಸುತ್ತಿದ್ದರು. ನನ್ನ ಎಲ್ಲೆಯೊಳಗೆ ಇಲ್ಲದಿದ್ದರೆ ಸಾಕು, ಎಲ್ಲಿಗಾದರೂ ಹೋಗಲಿ. ಹೊಣೆಯ ಗೆರೆಯನ್ನೇ ಕೈತೊಳೆದುಕೊಳ್ಳುವ ಗೆರೆಯನ್ನಾಗಿ ಮಾಡಿಕೊಳ್ಳುವ ಚಾಳಿಯೂ ನಮ್ಮಲ್ಲಿ ಹಳೆಯದೇ.

ಇವತ್ತಿನ ಬೆಂಗಳೂರು ಈ ಎರಡರಲ್ಲಿ ಯಾವುದನ್ನು ಉಳಿಸಿಕೊಂಡಿದೆ? ಯಲಹಂಕದ ಪಶ್ಚಿಮಕ್ಕಿರುವ ಮಾವಳ್ಳಿಪುರದ ಜನರಿಗೆ ಗೊತ್ತು. ನಗರದ ಕಸ ವರ್ಷಗಟ್ಟಲೆ ಲಾರಿ ಲಾರಿ ಬಂದು ಆ ಹಳ್ಳಿಯ ಮಗ್ಗುಲಲ್ಲಿ ಬೆಟ್ಟವಾಯಿತು. ಬಾವಿಯ ನೀರು ಕೆಟ್ಟಿತು, ಜನ ರಸ್ತೆಗೆ ಇಳಿದರು, 2012ರಲ್ಲಿ ಅದು ನಿಂತಿತು. ನಿಂತ ಕಸ ಪೂರ್ವಕ್ಕೆ ತಿರುಗಿ ಮಂಡೂರಿಗೆ ಹೋಯಿತು; ಮಂಡೂರಿನವರೂ ಎದ್ದುನಿಂತ ಮೇಲೆ ಇನ್ನೆಲ್ಲಿಗೋ ಹೋಯಿತು. ತಮಟೆಯೊಂದಿಲ್ಲ, ಉಳಿದದ್ದೆಲ್ಲ ಮಾರಿ ಹೊರಡಿಸುವ ರೀತಿಯೇ. ಕಸ ಹಾಕಿದ ಮನೆಯಿಂದ ಜಾಡು ಹಿಡಿದು ಹೊರಟರೆ ಹೆಜ್ಜೆ ಎಲ್ಲಿಗೆ ಮುಟ್ಟುತ್ತದೆಂದು ನೋಡಿ, ಇದು ನಮ್ಮದೇ ಎಂದು ಹೇಳುವ ತಳವಾರ ಈ ನಗರಕ್ಕೆ ಇಲ್ಲ.

ನೀರಿನ ಕಡೆಯಿಂದ ನೋಡಿದರೆ ಎಲ್ಲೆ ಇನ್ನೂ ದೂರ ಹೋಗುತ್ತದೆ. ಗೋಪುರಗಳ ಕಾಲದ ಊರು ಕುಡಿಯುತ್ತಿದ್ದದ್ದು ಕಣ್ಣಿಗೆ ಕಾಣುವ ಕೆರೆಗಳ, ಬಾವಿಗಳ ನೀರು. ಕೆರೆ ಎಷ್ಟು ತುಂಬಿದೆ, ಕೋಡಿ ಬಿದ್ದಿತೇ, ಏರಿ ಬಿರುಕು ಬಿಟ್ಟಿತೇ ಎಂದು ಬಂಡೆಯ ಮೇಲೆ ನಿಂತವನಿಗೆ ಕಾಣುತ್ತಿತ್ತು. ಇವತ್ತು ಆರ್‌.ಟಿ. ನಗರದ ಒಂದು ನಲ್ಲಿ ತಿರುಗಿಸಿದರೆ ಬರುವ ಕಾವೇರಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬಂದದ್ದು. ಸುಮಾರು ನೂರು ಕಿಲೋಮೀಟರು ದೂರ, ಮೂರು ಹಂತದಲ್ಲಿ ಪಂಪು ಮಾಡಿ ಹತ್ತಿರಹತ್ತಿರ ಅರ್ಧ ಕಿಲೋಮೀಟರು ಮೇಲೇರಿಸಿ ತಂದದ್ದು. ಹೊಣೆ ಇರುವಷ್ಟು ದೂರಕ್ಕೆ ಗೋಪುರ ನಿಲ್ಲಿಸುವುದೇ ಕ್ರಮವಾದರೆ ಬೆಂಗಳೂರಿನ ದಕ್ಷಿಣದ ಗೋಪುರ ಈಗ ಮಂಡ್ಯ ಜಿಲ್ಲೆಯಲ್ಲಿರಬೇಕು. ಅಲ್ಲಿ ಬರ ಬಂದರೆ ಅದು ಇಲ್ಲಿಯ ಸುದ್ದಿಯಾಗಬೇಕು. ಕಣ್ಣು ಅಷ್ಟು ದೂರ ಹೋಗದಿರುವುದರಿಂದಲೇ ನಲ್ಲಿಯ ನೀರು ನಮಗೆ ಎಲ್ಲಿಂದಲೂ ಬಾರದ, ಯಾರದೂ ಅಲ್ಲದ ನೀರಾಗಿ ಕಾಣುತ್ತದೆ.

ಆಡಳಿತದ ಗೆರೆಗಳು ಮಾತ್ರ ಬದಲಾಗುತ್ತಲೇ ಇವೆ. 1949ರಲ್ಲಿ ಪೇಟೆಯ ಊರೂ ದಂಡಿನ ಊರಾದ ಕಂಟೋನ್ಮೆಂಟೂ ಕೂಡಿ ಒಂದು ಕಾರ್ಪೊರೇಷನ್ ಆಯಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ಯಲಹಂಕ ನಗರಸಭೆ ಅದರೊಳಗೆ ಕರಗಿತು. ಬೆಂಗಳೂರನ್ನು ಹೆತ್ತ ಊರು ಬೆಂಗಳೂರಿನ ವಾರ್ಡಾಯಿತು. ಆ ದಿನ ಯಲಹಂಕದ ಹಳೆಯ ಬೀದಿಗಳಲ್ಲಿ ಯಾರಿಗಾದರೂ ಸಂಕಟವಾಯಿತೋ ಇಲ್ಲವೋ, ನನಗೆ ಈಗಲೂ ಆಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು, ಉತ್ತರಕ್ಕೆ ಬೇರೆಯದೇ ಪಾಲಿಕೆ ಬಂತು. ಇದರಿಂದ ಕೆಲಸ ಸಲೀಸಾಗಬಹುದು, ಆಗಲಿ. ಈ ಗೆರೆಗಳನ್ನು ಎಳೆಯುವಾಗ ಜನಸಂಖ್ಯೆ, ವರಮಾನ, ಕ್ಷೇತ್ರ ಇವುಗಳ ಚರ್ಚೆಯೇ ಹೆಚ್ಚಾಗಿ ಕೇಳಿಸಿತು. ನೀರು ಯಾವ ಕಣಿವೆಗೆ ಇಳಿಯುತ್ತದೆ ಎಂಬ ಮಾತು ಅಷ್ಟು ಕೇಳಿಸಲಿಲ್ಲ. ಬೆಂಗಳೂರು ದಿಣ್ಣೆಯ ಮೇಲಿನ ಊರು. ಇಲ್ಲಿ ಬಿದ್ದ ಮಳೆ ಒಂದು ಕಡೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ, ಇನ್ನೊಂದು ಕಡೆ ಹೆಬ್ಬಾಳ, ಕೋರಮಂಗಲದ ಕಣಿವೆಗಳಿಂದ ದಕ್ಷಿಣ ಪಿನಾಕಿನಿಗೆ. ಕೆರೆಯ ಮಗ್ಗುಲಿಗೆ, ಬಂಡೆಯ ನೆತ್ತಿಗೆ ಗುರುತು ಇಟ್ಟವರು ನಕ್ಷೆಯಿಲ್ಲದೆಯೇ ಇದನ್ನು ಓದಿಕೊಂಡಿದ್ದರು.

ಹೆಬ್ಬಾಳದ ಕಣಿವೆಯ ನೀರು ಈಗ ಪಿನಾಕಿನಿಯ ಕಡೆಗೆ ಇಳಿಯುವುದಷ್ಟೇ ಅಲ್ಲ, ತಿರುಗಿ ಉತ್ತರಕ್ಕೂ ಏರುತ್ತಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ನಗರ ಬಳಸಿ ಬಿಟ್ಟ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಸೀಮೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಯೋಜನೆಯಲ್ಲಿರುವುದು 65 ಕೆರೆಗಳು. ಬತ್ತಿದ್ದ ಕೆರೆಗಳಲ್ಲಿ ನೀರು ನಿಂತಿದೆ, ಬೋರ್‌ವೆಲ್‌ಗಳಿಗೆ ಜೀವ ಬಂದಿದೆ ಎಂದು ಸಂತೋಷಪಡುವ ರೈತರಿದ್ದಾರೆ. ಮೂರನೆಯ ಹಂತದ ಶುದ್ಧಿಯಿಲ್ಲದೆ ಇದು ನಮ್ಮ ಅಂತರ್ಜಲಕ್ಕೆ, ತರಕಾರಿಗೆ ಏನು ಮಾಡುತ್ತದೋ ಎಂದು ಹೋರಾಟ ಕಟ್ಟಿದ ರೈತರೂ ಅದೇ ಊರುಗಳಲ್ಲಿದ್ದಾರೆ. ಇಬ್ಬರದೂ ನಿಜವಾದ ಮಾತು. ಆ ನೀರು ಹೋಗುವ ದಿಕ್ಕಿನಲ್ಲೇ, ದೇವನಹಳ್ಳಿಯಾಚೆ, ಆವತಿ ಇದೆ. ಕಂಚಿಯ ಕಡೆಯಿಂದ ವಲಸೆ ಬಂದ ರಣಭೈರೇಗೌಡ ಮತ್ತು ಒಡಹುಟ್ಟಿದವರು ಮೊದಲು ನೆಲೆ ನಿಂತದ್ದು ಅಲ್ಲಿ, ಯಲಹಂಕದ ಪ್ರಭುಗಳು ಅವರ ಕವಲು ಎನ್ನುತ್ತದೆ ಪರಂಪರೆ. ಬೆಂಗಳೂರು ತನ್ನ ಬಚ್ಚಲ ನೀರನ್ನು ಕಳಿಸುತ್ತಿರುವುದು ತನ್ನ ಹಿರಿಯರು ಬಂದಿಳಿದ ಸೀಮೆಗೆ. ಮೂರನೆಯ ಹಂತ ಎಂದು ಆಗುತ್ತದೆ ಎಂದು ಅಲ್ಲಿಯವರು ಕೇಳುತ್ತಲೇ ಇದ್ದಾರೆ. ಉತ್ತರದ ಗೋಪುರ ಇರುವ ಊರು ಅದಕ್ಕೆ ದಿನಾಂಕ ಹೇಳಬೇಕು.